ಇದ್ದಿಲು ಹೊಗೆಯ ಪ್ರಬಂಧ

ಷಣ್ಮುಖಪ್ಪನ ಕೈಗುಣ ಬಹಳ ಒಳ್ಳೆಯದು ಎಂದು ಶಿವಮೊಗ್ಗದ ಬಜಾರಿನಲ್ಲಿ ಹೊಗಳದವರಿಲ್ಲ. ನಾಗಯ್ಯ ಡಾಕ್ಟರ ದವಾಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಕಾಂಪೌಂಡರ್ ಅವನು. ಗಾಯ ಕಟ್ಟಿದರೆ ನೋವೇ ಗೊತ್ತಾಗದು, ಅಳುವ ಮಗು ಅವನು ಮುಟ್ಟಿದರೆ ಸುಮ್ಮನಾಗುತ್ತಿತ್ತು. ಆ ಕೈ ಒಂದು ದಿನ ಒಂದು ಹಟ್ಟಿಯ ಮುಂದೆ ಮೇಲೇಳಲೇ ಇಲ್ಲ ಎಂಬುದು ಮಾತ್ರ ಹೊಗಳುವವರಿಗೆ ಗೊತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಾರರ ಮಾತು. ಭದ್ರಾವತಿಯ ಸುತ್ತಿನ ಹಳ್ಳಿಗಳಲ್ಲಿ ಚಳಿಜ್ವರ ಮನೆಮನೆ ಹೊಕ್ಕಿತ್ತು. ನಾಗಯ್ಯ ಡಾಕ್ಟರಿಗೆ ಅದರ ಮೇಲೊಂದು ಪ್ರಬಂಧ ಬರೆದು ಬೆಂಗಳೂರಿನ ವೈದ್ಯರ ಸಭೆಯಲ್ಲಿ ಓದಬೇಕೆಂಬ ಆಸೆ. ಹಳ್ಳಿಹಳ್ಳಿಗೂ ಹೋಗಿ ಮಕ್ಕಳ ಎಡಪಕ್ಕೆಯ ಕೆಳಗೆ ಕೈಯೊತ್ತಿ, ಚಳಿಜ್ವರಕ್ಕೆ ಗುಲ್ಮ ಊದಿ ಆಗುವ ಜ್ವರಗಡ್ಡೆ ಇದೆಯೇ ಇಲ್ಲವೇ ಬರೆದುಕೊಂಡು ಬಾ ಎಂದು ಷಣ್ಮುಖಪ್ಪನನ್ನು ಅಟ್ಟಿದರು.

"ನೋಡು ಮಾರಾಯ, ಪ್ರಬಂಧ ಅಂದ್ರೆ ಹರಿಕಥೆ ಅಲ್ಲ. ಏನು ತಿಳ್ಕೋಬೇಕು ಅಂತ ಹೊರಟ್ವಿ, ಹೇಗೆ ನೋಡಿದ್ವಿ, ಏನು ಕಂಡಿತು, ಅದರಿಂದ ಏನು ಅನ್ಸುತ್ತೆ. ಅಷ್ಟೇ. ಅನ್ಸಿದ್ದು ತಪ್ಪಾದ್ರೆ ನಾಳೆ ಇನ್ನೊಬ್ಬ ತಿದ್ತಾನೆ. ಹೇಗೆ ನೋಡಿದ್ವಿ ಅನ್ನೋದೇ ಸುಳ್ಳಾದ್ರೆ ಯಾರ ಕೈಲೂ ತಿದ್ದೋಕಾಗಲ್ಲ" ಎಂದಿದ್ದರು.

ಹನ್ನೊಂದು ಹಳ್ಳಿ ನಿಯತ್ತಾಗಿ ಮಾಡಿದ. ಹನ್ನೆರಡನೆಯದು ಹಳ್ಳದಾಚೆಯ ಹಟ್ಟಿ. ಕಾಡಿನಂಚಿನಲ್ಲಿ ಇದ್ದಿಲು ಸುಡುವ ಕೂಲಿಯವರದು, ಊರಿನವರು ಮುಟ್ಟದ ಜನರದು. ಮಕ್ಕಳೇನೋ ಸಾಲಾಗಿ ಬಂದು ಅಂಗಿ ಎತ್ತಿ ನಿಂತವು. ಷಣ್ಮುಖಪ್ಪನಿಗೆ ಮನೆಯ ನೆನಪಾಯಿತು. ಮುಟ್ಟಿದರೆ ಸ್ನಾನ, ಮಡಿ, ಹೆಂಡತಿ ಜಗದಾಂಬಾಳ ಪ್ರಶ್ನೆ. ಶಿವನ ಮುಂದೆ ಎಲ್ಲರೂ ಒಂದೇ ಎಂದು ದಿನಾ ಸಂಜೆ ಕಣ್ಣು ಮುಚ್ಚಿ ಹಾಡುವ ಮನುಷ್ಯ, ದೂರದ ಹುಣಸೆಮರದ ಬುಡದಲ್ಲೇ ನಿಂತು ಹಟ್ಟಿಯ ಯಜಮಾನ ಪುಟ್ಟಯ್ಯನನ್ನು ಕೂಗಿ ಕೇಳಿದ. ಕಾಯಿಲೆಯವರು ಎಂದರೆ ಕಂಟ್ರಾಕ್ಟರು ಕೆಲಸದಿಂದ ಓಡಿಸುತ್ತಾನೆಂದು ಪುಟ್ಟಯ್ಯ ಹೆದರಿ, "ಎಲ್ಲಾ ಸೆಂದಾಗವ್ರೆ ಬುದ್ಧಿ" ಎಂದುಬಿಟ್ಟ. ಷಣ್ಮುಖಪ್ಪ ಬರೆದುಕೊಂಡ: ಮಕ್ಕಳು ಮೂವತ್ತೊಂದು, ಗಡ್ಡೆ ಒಂದು. ಆ ಒಂದನ್ನೂ ನಂಬಿಕೆ ಬರಲೆಂದು ತಾನೇ ಸೇರಿಸಿದ್ದು. ಎಂಥಾ ಬುದ್ಧಿವಂತ ನೋಡಿ!

ಬಜಾರಿನ ವ್ಯಾಪಾರಿಗಳು ಕೊಡಿಸಿದ ಚಳಿಜ್ವರದ ಔಷಧಿ ಕ್ವಿನೈನ್ ಆ ಪಟ್ಟಿಯ ಪ್ರಕಾರ ಹನ್ನೊಂದು ಹಳ್ಳಿಗೆ ಹೋಯಿತು. ಹಟ್ಟಿಗೆ ಹೋಗಲಿಲ್ಲ.

ವರ್ಷ ಕಳೆಯಿತು. ಒಂದು ಬೆಳಿಗ್ಗೆ ಡಾಕ್ಟರು ಬರೆದು ಮುಗಿಸಿದ ಪ್ರಬಂಧವನ್ನು ಕೈಯಲ್ಲಿ ಹಿಡಿದು ಹುಡುಗನ ಹಾಗೆ ಕುಣಿಯುತ್ತ ಬಂದರು.

"ಏನು ಸಿಕ್ಕಿದೆ ಗೊತ್ತೇನಯ್ಯಾ? ಎಲ್ಲಾ ಹಳ್ಳೀಲೂ ನೂರಕ್ಕೆ ನಲವತ್ತು ಮಕ್ಕಳಿಗೆ ಗಡ್ಡೆ. ಆ ಹಟ್ಟೀಲಿ ಮಾತ್ರ ನೂರಕ್ಕೆ ಮೂರು! ಯಾಕೆ? ಇದ್ದಿಲು ಗೂಡಿನ ಹೊಗೆ! ಹೊಗೆಗೆ ಸೊಳ್ಳೆ ಬರಲ್ಲ. ಇಡೀ ಪ್ರಬಂಧ ಅದರ ಮೇಲೇ ನಿಂತಿದೆ. ಕೇಳಿಲ್ಲಿ, ನಿನ್ನ ಹೆಸರೂ ಹಾಕಿದೀನಿ. 'ಪ್ರತಿಯೊಂದು ಮಗುವನ್ನೂ ಶ್ರೀ ಷಣ್ಮುಖಪ್ಪನವರು ಸ್ವತಃ ಕೈಯಿಂದ ಮುಟ್ಟಿ ಪರೀಕ್ಷಿಸಿದರು.' ಶನಿವಾರ ಅಂಚೆಗೆ ಹಾಕ್ತೀನಿ."

ಷಣ್ಮುಖಪ್ಪನ ವಂಶದಲ್ಲಿ ಯಾರ ಹೆಸರೂ ಅಚ್ಚಾಗಿರಲಿಲ್ಲ. ಸುದ್ದಿ ಕೇಳಿದ ಜಗದಾಂಬಾ ಸಂಜೆಯೊಳಗೆ ಕೇರಿಗೆಲ್ಲ ಹೇಳಿಕೊಂಡು ಬಂದಳು. ಬಾಯಿಬಿಟ್ಟರೆ ಆ ಹೆಸರೂ ಹೋಯಿತು, ಡಾಕ್ಟರ ಪ್ರಬಂಧವೂ ಹೋಯಿತು. ಸುಮ್ಮನಿದ್ದರೆ ಹಟ್ಟಿಗೆ ಇನ್ನು ಯಾವ ಕಾಲಕ್ಕೂ ಔಷಧಿ ಇಲ್ಲ. ಹೊಗೆಯೇ ಕಾಪಾಡುತ್ತದಲ್ಲ!

ಮರುದಿನ ರಜಾ ಹಾಕಿ ಭದ್ರಾವತಿಯ ರೈಲು ಹತ್ತಿದ. ಮಲವಗೊಪ್ಪ ದಾಟುವಾಗ ಅವನು ದೇವರಲ್ಲಿ ಬೇಡಿಕೊಂಡದ್ದನ್ನು ಹೇಳಿಕೊಳ್ಳಲೂ ನಾಚಿಕೆ. ಆ ಹೊಗೆಯ ಮಾತು ನಿಜವಾಗಿರಲಿ, ನಾನು ಬರೆದ ಸುಳ್ಳೇ ಸತ್ಯವಾಗಿಬಿಡಲಿ ಎಂದು ಬೇಡಿಕೊಂಡಿದ್ದ.

ಹಟ್ಟಿಯಲ್ಲಿ ಗೂಡುಗಳು ಹೊಗೆಯಾಡುತ್ತಿದ್ದವು. ಬಂಗಾರಮ್ಮ ಎಂಬ ಹೆಂಗಸು ಮಗಳನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿದ್ದಳು. ಮಗುವಿನ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಈ ಸಲ ಷಣ್ಮುಖಪ್ಪ ಹುಣಸೆಮರದಡಿ ನಿಲ್ಲದೆ ನೇರ ಹೋಗಿ ಕೈ ಚಾಚಿದ. ಅವಳು ಗಾಬರಿಬಿದ್ದು ಮಗುವನ್ನು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡಿ ಬುದ್ಧಿ, ನಿಮಗೆ ಮೈಲಿಗೆ ಆಯ್ತದೆ. ಹೋದ ಸಲದಂಗೆ ಅಲ್ಲಿಂದ್ಲೇ ಕೇಳಿ, ಹೇಳ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಅವನ ಮಡಿಯನ್ನು ಕಾಯುತ್ತಿದ್ದಳು! ಷಣ್ಮುಖಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಕೊಡಮ್ಮ, ನನ್ನದೇ ತಪ್ಪು" ಎಂದು ಹೇಗೋ ಹೇಳಿ, ನೆಲದ ಮೇಲೆ ಕೂತು, ಮಗುವಿನ ಪಕ್ಕೆಯ ಕೆಳಗೆ ಬೆರಳಿಟ್ಟ. ಗಡ್ಡೆ ಹೊಕ್ಕುಳ ತನಕ ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮಕ್ಕಳನ್ನೂ ಮುಟ್ಟಿ ನೋಡಿದ್ದಾಯಿತು. ಇಪ್ಪತ್ತೇಳರಲ್ಲಿ ಹತ್ತೊಂಬತ್ತಕ್ಕೆ ಗಡ್ಡೆ.

"ಹೋದ ವರ್ಷ ಮೂವತ್ತೊಂದು ಇದ್ದವಲ್ಲಮ್ಮ?"

ಬಂಗಾರಮ್ಮ ಗೂಡುಗಳ ಹಿಂದಿನ ಬಯಲಿನ ಕಡೆ ಕೈ ತೋರಿಸಿದಳು. "ನಾಕು ಅಲ್ಲಿ ಅವೆ. ಕೊನೇದು ನಂದೇ, ಗಂಡುಮಗ." ಅಷ್ಟು ಹೇಳಿ, ಬಿಸಿಲಲ್ಲಿ ಬಂದವರೆಂದು ಅವನಿಗೆ ಕೂರಲು ಗೋಣಿಚೀಲ ಹಾಸಿದಳು. ಷಣ್ಮುಖಪ್ಪ ಕೂರಲಿಲ್ಲ.

ಶುಕ್ರವಾರ ದವಾಖಾನೆಯ ಬಾಗಿಲು ತೆರೆಯುವ ಮೊದಲೇ ಹೋಗಿ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದ. ಹುಣಸೆಮರ, ಮಡಿ, ಸೇರಿಸಿದ ಆ ಒಂದು, ಬಯಲಿನಲ್ಲಿರುವ ನಾಲ್ಕು. ನಾಗಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೊಗೆಯ ಭಾಗ ಬರೆದ ಆರು ಹಾಳೆಗಳನ್ನು ಬೇರೆ ತೆಗೆದು ಹರಿದು ಹಾಕಿದರು.

"ನಿನ್ನ ಬೈಯೋಕೆ ನನಗೆ ಬಾಯಿಲ್ಲ ಕಣಯ್ಯಾ. ಈ ಹೊಗೆ ಮೇಲೆ ಆರು ಹಾಳೆ ಬರೆದೆ, ಒಂದು ಸಲ ಹೋಗಿ ಆ ಹೊಗೆ ನೋಡಲಿಲ್ಲ ನಾನು" ಎಂದರು. ಬೀರುವಿನಲ್ಲಿದ್ದ ಕ್ವಿನೈನ್ ಪೊಟ್ಟಣಗಳನ್ನೆಲ್ಲ ಚೀಲಕ್ಕೆ ತುಂಬಿದರು. "ನಡಿ, ಇಬ್ಬರೂ ಹೋಗೋಣ. ಪ್ರಬಂಧ ಮುಂದಿನ ವರ್ಷ ನೋಡಿದ್ರಾಯ್ತು. ನಿನ್ನ ಹೆಸರು ತೆಗೆದುಬಿಡ್ತೀನಿ ಬಿಡು, ಇದ್ರೆ ಸುಮ್ನೆ ಮಾನ ಹೋಗುತ್ತೆ."

"ತೆಗೀಬೇಡಿ ಸಾರ್" ಎಂದ ಷಣ್ಮುಖಪ್ಪ. ತಾನೇ ಲೇಖನಿ ತೆಗೆದುಕೊಂಡು, ಹೇಗೆ ನೋಡಿದೆವು ಎಂಬ ಭಾಗದಲ್ಲಿ ತನ್ನ ಹೆಸರಿದ್ದ ಸಾಲು ಹೊಡೆದುಹಾಕಿ, ಅದರ ಪಕ್ಕ ಬರೆದ: "ಮೊದಲ ವರ್ಷ ಈ ಹಟ್ಟಿಯ ಮಕ್ಕಳನ್ನು ಷಣ್ಮುಖಪ್ಪ ಮುಟ್ಟಲಿಲ್ಲ. ಮೈಲಿಗೆಯಾಗುತ್ತದೆಂದು ದೂರ ನಿಂತು ಕೇಳಿದ. ಆಗ ಮೂವತ್ತೊಂದು ಮಕ್ಕಳಿದ್ದರು."

ಬರೆದಿಟ್ಟು, ಕ್ವಿನೈನ್ ಚೀಲವನ್ನು ಹೆಗಲಿಗೆ ಹಾಕಿಕೊಂಡ.