ಅಣ್ಣನ ಕಾಲ್ಚೀಲ, ಅವ್ವನ ವಿಭೂತಿ

ನಮ್ಮ ಮನೆತನದಲ್ಲಿ ಎರಡು ಸಂಗತಿಗಳು ಮೊದಲ ಸಲ ನಡೆದದ್ದು ಒಂದೇ ವರ್ಷದಲ್ಲಿ. ನಾನು ನಂಜನಗೂಡಿನಲ್ಲಿ ಬಿ.ಎ. ಮುಗಿಸಿದೆ, ನಮ್ಮಣ್ಣ ಕಾಲ್ಚೀಲ ಹಾಕಿಕೊಂಡ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದರೂ ಬಿಳಿಗೆರೆ ಪಕ್ಕದ ನಮ್ಮ ಹಳ್ಳಿಯಲ್ಲಿ ಅಲ್ಲಿಯತನಕ ನಮ್ಮ ಮನೆಯವರು ಯಾರೂ ಡಿಗ್ರಿಯ ಗೊಡವೆಗೂ ಹೋಗಿರಲಿಲ್ಲ, ಕಾಲ್ಚೀಲದ ಗೊಡವೆಗೂ ಹೋಗಿರಲಿಲ್ಲ. ಅಣ್ಣನಿಗೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ಅಲ್ಲಿ ಬೂಟು ಕಡ್ಡಾಯ. ಮನೆಗೆ ಬಂದ ನೆಂಟರು ನನ್ನ ಮಾರ್ಕ್ಸ್ ಕಾರ್ಡನ್ನು ಒಂದು ಸಲ ತಿರುಗಿಸಿ ನೋಡಿ ವಾಪಸು ಕೊಟ್ಟರು. ಅಣ್ಣನ ಕಾಲ್ಚೀಲವನ್ನು ಮಾತ್ರ ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದರು. ಬೆಳಿಗ್ಗೆ ಎರಡು ಹಸು ಕರೆದು, ಬಸ್ಸಿನ ಮೆಟ್ಟಿಲ ಮೇಲೆ ಮೂರು ವರ್ಷ ಜೋತಾಡಿ, ಇಂಗ್ಲಿಷಿಗೆ ಎರಡು ಸಲ ಕೂತು ಪಾಸಾದವಳು ನಾನು. ಆ ಅವಮಾನವನ್ನು ಇನ್ನೂ ಮರೆತಿಲ್ಲ.

ಅದೇ ವರ್ಷ ಟಿ. ನರಸೀಪುರದ ಒಂದು ಖಾಸಗಿ ನರ್ಸರಿ ಶಾಲೆಯಲ್ಲಿ ನನಗೆ ಕೆಲಸವಾಯಿತು. ಒಂದು ವರ್ಷ ನೋಡಿ ಆಮೇಲೆ ಕಾಯಂ ಮಾಡುವುದು ಅಂತ ಮಾತು. ಆದರೆ ಅಪ್ಪ ಕಾಯಲಿಲ್ಲ. ಬಿಳಿಗೆರೆಯ ಟೀ ಅಂಗಡಿಯಲ್ಲಿ ನಿಂತು, ತನ್ನ ಮಗಳು ನರಸೀಪುರದಲ್ಲಿ ಪರ್ಮನೆಂಟ್ ಮಿಸ್ಸು ಅಂತ ಸಾರಿಬಿಟ್ಟಿದ್ದ. ಇನ್ನು ಆ ಮಾತನ್ನು ನಿಜ ಮಾಡುವುದು ನನ್ನ ಪಾಲಿಗೆ ಬಿತ್ತು.

ವರ್ಷದ ಕೊನೆಗೆ ಶಾಲೆಯಲ್ಲಿ ಪೋಷಕರ ದಿನ. ನಮ್ಮ ದೊಡ್ಡ ಮಿಸ್ಸು, ಅಂದರೆ ಮುಖ್ಯೋಪಾಧ್ಯಾಯಿನಿ, ನನ್ನನ್ನು ಕರೆದು ಒಂದು ಬಿದಿರು ಬುಟ್ಟಿ ಮುಂದಿಟ್ಟರು. ಅದರ ತುಂಬ ಮಕ್ಕಳು ಬಿಟ್ಟು ಹೋದ ಒಂಟಿ ಕಾಲ್ಚೀಲಗಳು. ಎಷ್ಟು ಹೇಳಿದರೂ ಮಕ್ಕಳು ಒಂದನ್ನು ಹಾಕಿಕೊಂಡು ಒಂದನ್ನು ಬಿಟ್ಟು ಹೋಗುತ್ತಿದ್ದವು. ಇವುಗಳಲ್ಲೇ ಗೊಂಬೆ ಮಾಡಿ ಒಂದು ಆಟ ಆಡಿಸು, ಚೆನ್ನಾಗಿ ಬಂದರೆ ಮುಂದಿನ ವರ್ಷಕ್ಕೂ ನೀನೇ ಅಂದರು. ಬಿ.ಎ.ಯಲ್ಲಿ ನಾನು ಓದಿದ್ದು ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಕಾಲ್ಚೀಲದ ವಿಷಯ ಯಾವ ಪೇಪರಿನಲ್ಲೂ ಇರಲಿಲ್ಲ.

ಕತೆ ನಾನೇ ಕಟ್ಟಿದೆ. ಕಬ್ಬು ಕದಿಯುವ ನರಿ, ಗದ್ದೆ ಕಾಯುವ ಮೊಲಗಳು, ಕೊನೆಗೆ ಮೊಲಗಳು ನರಿಯ ಬೆನ್ನ ಮೇಲೆ ಕಬ್ಬಿನ ಸೋಗೆಯಲ್ಲಿ ನಾಲ್ಕು ಬಾರಿಸುವುದು. ಬಿಳಿ ಕಾಲ್ಚೀಲಗಳು ಮೊಲಕ್ಕೆ ಹೇಳಿ ಮಾಡಿಸಿದ ಹಾಗಿದ್ದವು, ಒಳಗೆ ಎರಡೇ ಬೆರಳು ಹಿಡಿಯುತ್ತಿದ್ದವು. ನರಿಗೆ ಮಾತ್ರ ಬಾಯಿ ಬೇಕು. ಬಾಯಿ ಬೇಕೆಂದರೆ ಇಡೀ ಕೈ ಹೋಗುವಂಥ ಕಾಲ್ಚೀಲ ಬೇಕು. ಅಣ್ಣ ಮಲಗಿದ್ದಾಗ ಅವನಿಗಿದ್ದ ಒಂದೇ ಜೊತೆಯಲ್ಲಿ ಒಂದು ಬಿಳಿ ಕಾಲ್ಚೀಲ ಎತ್ತಿಕೊಂಡೆ.

ಅದನ್ನು ಹಂಡೆಯಲ್ಲಿ ಮೂರು ಸಲ ಕುದಿಸಿದರೂ ಕಾರ್ಖಾನೆಯ ವಾಸನೆ ಹೋಗಲಿಲ್ಲ. ನರಿಗೆ ಸ್ವಲ್ಪ ವಾಸನೆ ಇರಲಿ ಅಂತ ಬಿಟ್ಟೆ. ಗೋಡೆ ಅಂಚಿಗೆ ಬಳಿಯುವ ಕೆಮ್ಮಣ್ಣಿನಲ್ಲಿ ಅದ್ದಿ ಒಣಗಿಸಿದಾಗ ನಾನಂದುಕೊಂಡ ಕಂದು ಬಣ್ಣ ಬರಲಿಲ್ಲ, ಒಳ್ಳೆ ಕಾವಿ ಬಂತು. ಹರಿದ ರವಿಕೆಯ ಬಟ್ಟೆಯಲ್ಲಿ ಕಿವಿ ಹೊಲಿದೆ. ಅವು ನೆಟ್ಟಗೆ ನಿಲ್ಲದೆ ತಲೆಯ ಎರಡೂ ಕಡೆ ಸೆರಗು ಹೊದ್ದಂತೆ ಇಳಿಬಿದ್ದವು. ಅಂಗಿಯ ಎರಡು ಗುಂಡಿ ಕಣ್ಣಾದವು. ಪರದೆಗೆ ಅಪ್ಪನ ಒಂದು ಹಸಿರಂಚಿನ ಪಂಚೆ ಸಾಕಾಯಿತು. ಕೇಳಲಿಲ್ಲ, ಯಾಕೆಂದರೆ ಕೇಳಿದ್ದರೆ ಕೊಡುತ್ತಿರಲಿಲ್ಲ. ನಾನು ಜಗುಲಿಯ ಮೇಲೆ ಕೂತು ಹೊಲಿಯುವುದನ್ನು ನೋಡಿ ಅಪ್ಪ ಹೇಳಿದ್ದು ಒಂದೇ ಮಾತು:

"ಇಷ್ಟೊಂದ್ ಓದುದ್ದು ಕಾಲ್ಚೀಲಕ್ಕೆ ಕಣ್ ಹೊಲಿಯಾಕೇನವ್ವ?"

ಇಲ್ಲಿ ಅವ್ವನ ಒಂದು ನೇಮವನ್ನು ಹೇಳಬೇಕು. ಕಣ್ಣಿರುವ ಯಾವುದೂ ನಮ್ಮ ಮನೆಯಲ್ಲಿ ಬರೀ ಹಣೆಯಲ್ಲಿ ಹೊಸ್ತಿಲು ದಾಟುವಂತಿಲ್ಲ. ನಮಗೆ, ಹಸುಗಳಿಗೆ, ಕರುವಿಗೆ, ಕ್ಯಾಲೆಂಡರಿನ ಮೇಲೆ ಅಂಗಾತ ಮಲಗಿ ನಗುವ ಮಗುವಿಗೆ, ಎಲ್ಲರಿಗೂ ಬೆಳಿಗ್ಗೆ ವಿಭೂತಿ. ಪೋಷಕರ ದಿನ ಬೆಳಗಾಗೆದ್ದು ನಾನು ಜಡೆ ಹಾಕಿಕೊಳ್ಳುತ್ತಿದ್ದಾಗ, ಅವ್ವ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಮೊಲಗಳಿಗೂ ನರಿಗೂ ಎಳೆದು, ಚೀಲಕ್ಕೆ ತುಂಬಿಕೊಟ್ಟಳು. ಹಸಿ ವಿಭೂತಿ ಎದ್ದು ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಅದು ಒಣಗಿದ್ದು ಬಸ್ಸಿನಲ್ಲಿ. ಆಟ ನೋಡಲೆಂದು ಜೊತೆಗೆ ಹೊರಟು ಪಕ್ಕದಲ್ಲಿ ಕೂತ ಅಪ್ಪ ದಾರಿಯುದ್ದಕ್ಕೂ ತನ್ನ ಹಸಿರಂಚಿನ ಪಂಚೆ ಸಿಗಲಿಲ್ಲವೆಂದು ಗೊಣಗುತ್ತಿದ್ದ. ನಾನು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಿದ್ದೆ.

ಶಾಲೆಯಲ್ಲಿ ಕಿಟಕಿಯ ಸರಳಿಗೂ ಬೋರ್ಡಿನ ಸ್ಟ್ಯಾಂಡಿಗೂ ಹಗ್ಗ ಕಟ್ಟಿ ಪಂಚೆ ಇಳಿಬಿಟ್ಟೆ. ಹಿಂದೆ ಮಂಡಿಯೂರಿ ಅವಸರದಲ್ಲಿ ತೊಟ್ಟದ್ದು ಎಡಗೈಗೆ ಮೊಲಗಳು, ಬಲಗೈಗೆ ನರಿ. ಗೊಂಬೆ ಆಡಿಸುವವರಿಗೆ ಗೊಂಬೆಯ ಬೆನ್ನು ಮಾತ್ರ ಕಾಣುತ್ತದೆ. ಮೊಲಗಳು ಬಂದಾಗ ಮಕ್ಕಳು ನಕ್ಕವು. ಬಿಳಿ ಬಟ್ಟೆಯ ಮೇಲೆ ವಿಭೂತಿ ಕಾಣದು. ಆಮೇಲೆ ನರಿಯನ್ನು ಮೆಲ್ಲನೆ ಮೇಲಕ್ಕೆತ್ತಿದೆ. ಕಳ್ಳ ಬಂದ, ಕಳ್ಳ ಬಂದ ಅಂತ ಮಕ್ಕಳು ಕೂಗಬೇಕಿತ್ತು. ಯಾರೂ ಕೂಗಲಿಲ್ಲ. ಕುರ್ಚಿಗಳು ಕಿರ್ರೆಂದವು.

ಪಂಚೆಯ ಸಂದಿಯಲ್ಲಿ ಇಣುಕಿದೆ. ಮೊದಲು ಎದ್ದು ನಿಂತಿದ್ದವನು ನಮ್ಮಪ್ಪ, ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡು. ಅವನನ್ನು ನೋಡಿ ಮೊಮ್ಮಕ್ಕಳ ಜೊತೆ ಬಂದಿದ್ದ ಮುದುಕರು ಎದ್ದರು, ಮುದುಕರನ್ನು ನೋಡಿ ಮಕ್ಕಳೂ ಎದ್ದವು. ನರಿಯ ಮುಖವನ್ನು ನನ್ನ ಕಡೆ ತಿರುಗಿಸಿದೆ. ಕಾವಿ ಮೈ, ತಲೆಗೆ ಹೊದಿಕೆ, ಹಣೆಯ ಮೇಲೆ ಮೂರು ಬೆಳ್ಳನೆಯ ಪಟ್ಟೆ. ನಮ್ಮ ಕಡೆ ಬುದ್ಧಿಯವರು ಅಂತ ಕರೆಯುವ ಸ್ವಾಮಿಗಳ ಹಾಗೆ, ಯಾವ ಮಠದಲ್ಲಿ ಕೂರಿಸಿದ್ದರೂ ಒಪ್ಪುವಂತಿತ್ತು.

ಈಗ ಇದು ಕಬ್ಬು ಕದಿಯಬೇಕು, ಮೊಲಗಳು ಇದಕ್ಕೆ ಬಾರಿಸಬೇಕು. ಇಷ್ಟು ಜನ ಕೈ ಮುಗಿದು ನಿಂತವರ ಮುಂದೆ ಅದು ನಡೆದರೆ ನನ್ನ ಕೆಲಸ ಅಲ್ಲೇ ಮುಗಿಯಿತು, ಅಪ್ಪನ ಮಾತೂ ಟೀ ಅಂಗಡಿಯಲ್ಲಿ ಮುಗಿಯಿತು. ನರಿಯ ಕಳ್ಳದನಿಯನ್ನು ಕೆಳಗಿಟ್ಟು ಗಂಭೀರವಾಗಿ ಎಲ್ಲರೂ ಕೂತ್ಕೊಳ್ಳಿ ಅಂದೆ. ಕೂತರು. ಮುಂದೇನು ಹೇಳುವುದು ತೋಚಲಿಲ್ಲ. ತಲೆಯಲ್ಲಿದ್ದದ್ದು ಕಾಲ್ಚೀಲ ಒಂದೇ.

"ಮಕ್ಕಳೇ, ಕಾಲು ಎರಡು, ಕಾಲ್ಚೀಲವೂ ಎರಡು. ಎರಡನ್ನೂ ಮನೆಗೆ ತಗೊಂಡು ಹೋಗೋರಿಗೇ ನಮ್ಮ ಆಶೀರ್ವಾದ."

ಮೊಲಗಳನ್ನು ನರಿಯ ಮುಂದೆ ಅಡ್ಡ ಬೀಳಿಸಿದೆ. ಕದಿಯಲು ಇಟ್ಟಿದ್ದ ಕಬ್ಬಿನ ತುಂಡುಗಳನ್ನು ನರಿಯ ಬಾಯಲ್ಲೇ ಎತ್ತಿ ಪ್ರಸಾದವಾಗಿ ಹಂಚಿದೆ. ಅಷ್ಟರಲ್ಲಿ ಯಾರದೋ ಅಜ್ಜಿ ಎದ್ದು ಬಂದು, ಬುದ್ಧಿಯವರು ಇಷ್ಟೊತ್ತಾದರೂ ಏನೂ ತಗೊಂಡಿಲ್ಲ ಅಂತ ಒಂದು ಸುಲಿದ ಬಾಳೆಹಣ್ಣನ್ನು ಅದರ ಬಾಯಿಗಿಟ್ಟರು. ಬೆರಳುಗಳ ನಡುವೆ ಹಣ್ಣು ಪಿಚಕ್ಕೆಂದಿತು. ಹಣ್ಣು ಹಿಡಿದುಕೊಂಡೇ ಮಾತಾಡಬೇಕಲ್ಲ, ನರಿ ತೊದಲಿತು. ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿ, ಬಾಯಲ್ಲಿ ಇಟ್ಟುಕೊಂಡು ಮಾತಾಡಬಾರದು ಅಂತ ನಾನೇ ಕಲಿಸಿದ್ದನ್ನು ನರಿಗೆ ಹೇಳಿದಳು. ನನಗೆ ನಗು ತಡೆಯಲಿಲ್ಲ. ನಕ್ಕು ಮುಂದಕ್ಕೆ ಬಿದ್ದೆ, ಹಗ್ಗ ಕಳಚಿತು, ಪಂಚೆ ನನ್ನ ತಲೆ ಮೇಲೆ ಬಿತ್ತು. ಕೂಡಲೇ ಅಪ್ಪನ ದನಿ:

"ಅದು ನನ್ ಪಂಚೆ ಕಣ್ರೀ."

ಆಮೇಲೆ ಎದ್ದ ನಗು ಇಳಿಯಲು ಬಹಳ ಹೊತ್ತಾಯಿತು. ದೊಡ್ಡ ಮಿಸ್ಸು ಕಣ್ಣೊರೆಸಿಕೊಂಡರೇ ಹೊರತು ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ.

ವಾಪಸು ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಒಳಗಿದ್ದದ್ದು ನಾನೇ ಅಂತ ಗೊತ್ತಿರಲಿಲ್ಲವೇ ಎಂದು ಅಪ್ಪನನ್ನು ಕೇಳಿದೆ.

"ಗೊತ್ತಿಲ್ದೆ ಏನು? ನಿನ್ ಗಂಟ್ಲು ನಂಗೊತ್ತಿಲ್ವ?"

"ಮತ್ಯಾಕಪ್ಪ ಕೈ ಮುಗ್ದೆ?"

"ಇಬೂತಿ ಇತ್ತಲ್ಲವ್ವ, ಇಬೂತಿಗೆ ಮುಗ್ದೆ. ಒಳ್ಗೆ ನರಿ ಇದ್ರೇನು, ಬಿ.ಎ. ಇದ್ರೇನು?"

ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ದೊಡ್ಡ ಮಿಸ್ಸು ಬುಟ್ಟಿ ಹಿಡಿದು ತರಗತಿಗಳನ್ನೆಲ್ಲ ಸುತ್ತಿ ಬಂದರು. ಒಂದೇ ಒಂದು ಕಾಲ್ಚೀಲ ಸಿಕ್ಕಿರಲಿಲ್ಲ. ಮಂಗಳವಾರವೂ ಇಲ್ಲ, ಆ ವಾರವಿಡೀ ಇಲ್ಲ. ಶನಿವಾರ ಖಾಲಿ ಬುಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, ನಾಲ್ಕು ವರ್ಷದಿಂದ ನಾನು ಬಾಯಿ ಬಡಿದುಕೊಂಡರೂ ಆಗದ್ದು ನಿನ್ನ ನರಿಯಿಂದ ಆಯಿತು, ಜೂನ್ ಒಂದಕ್ಕೆ ಬಂದುಬಿಡು ಅಂದರು. ಅಪ್ಪನಿಗೆ ಹೇಳಿದರೆ ಅವನಿಗೇನೂ ಆಶ್ಚರ್ಯವಾಗಲಿಲ್ಲ. ತಾನು ಹೋದ ವರ್ಷವೇ ಎಲ್ಲರಿಗೂ ಹೇಳಿದ್ದೆನಲ್ಲ ಅಂದ.

ಕಷ್ಟವಾದದ್ದು ಅಣ್ಣನಿಗೆ. ವಿಭೂತಿ ಹಚ್ಚಿದ್ದನ್ನು ಕಾಲಿಗೆ ಹಾಕಬಾರದೆಂದು ಅವ್ವ ಅದನ್ನು ತೊಳೆದು ದೇವರ ಗೂಡಿನಲ್ಲಿ ಇಟ್ಟುಬಿಟ್ಟಳು. ಹೊಸದು ಬರುವತನಕ ಅವನು ಒಂದು ಕಾಲಿಗೆ ಕಾಲ್ಚೀಲ, ಒಂದು ಕಾಲಿಗೆ ಹಳೇ ಬಟ್ಟೆ ಸುತ್ತಿಕೊಂಡು ಕಾರ್ಖಾನೆಗೆ ಹೋದ. ಜೂನ್ ತಿಂಗಳ ಸಂಬಳದಲ್ಲಿ ಅವನಿಗೆ ಹೊಸದೊಂದು ಜೊತೆ ತಂದುಕೊಟ್ಟೆ. ಅವನು ಎರಡನ್ನೂ ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿ, ನನ್ನ ಸೂಜಿದಾರದ ಡಬ್ಬಿಯ ಕಡೆ ಬೆರಳು ತೋರಿಸಿದ.

"ಇವುಕ್ಕೇನಾರ ಕಣ್ ಹೊಲ್ದೀಯ, ಉಷಾರು."