ಊರಲ್ಲಿಲ್ಲದ ಹೊನ್ನೂರಮ್ಮ

ಕರೂರಿನ ಹೊನ್ನೂರಮ್ಮನಿಗೆ ಹೆದರಿಕೆ ಅಂದರೆ ಏನಂತ ಗೊತ್ತಿರಲಿಲ್ಲ. ಹಾಗಂತ ಊರಿಗೆಲ್ಲ ಹೇಳಿಕೊಂಡು ತಿರುಗುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಭತ್ತ ಕೊಯ್ಯುವಾಗ ಕುಡುಗೋಲು ತಾಗಿ ಬೆರಳು ಸೀಳಿದರೆ ಅರಿವೆ ಚೂರು ಸುತ್ತಿಕೊಂಡು ಕೊಯ್ಲು ಮುಗಿಸಿಯೇ ಬರುವಳು. ಬಂದಮೇಲೆ ಆ ಬೆರಳನ್ನು ಓಣಿಯ ಒಂದು ಮನೆಯನ್ನೂ ಬಿಡದೆ ತೋರಿಸಿ ಬರುವಳು.

ಅರವತ್ತರ ದಶಕದಲ್ಲಿ ಸಿರುಗುಪ್ಪದಿಂದ ಚಂದ್ರಣ್ಣ ಎಂಬಾತ ಸಿಡುಬಿನ ಚುಚ್ಚುಮದ್ದು ಹಾಕಲು ವರ್ಷವರ್ಷ ಬರುತ್ತಿದ್ದ. ಜನ ಅದಕ್ಕೆ ‘ದೇವಿ ಹಾಕೋದು’ ಅನ್ನುತ್ತಿದ್ದರು. ತೋಳು ಕೊಳೆಯುತ್ತದೆ, ಎದೆಹಾಲು ಬತ್ತುತ್ತದೆ ಎಂಬ ಸುದ್ದಿ ಆತನ ಬಸ್ಸಿಗಿಂತ ಮೊದಲೇ ಊರು ಮುಟ್ಟಿರುತ್ತಿತ್ತು. ಒಂದು ವರ್ಷ ಪಕ್ಕದ ಮನೆಯ ಜಡೆಮ್ಮ ಹಸುಗೂಸನ್ನು ಎತ್ತಿಕೊಂಡು ಅಳುತ್ತ ಹಿತ್ತಲಿಗೆ ಬಂದಳು.

“ಹೊನ್ನೂರಕ್ಕಾ, ನನ್ನ ಹೆಸರು ಕೂಗಾಕ ಹತ್ಯಾರ. ನಾ ಒಲ್ಲೆವಾ!”

“ಅಳಬ್ಯಾಡ ಸುಮ್ನಿರು. ನಿನ್ನ ಬದ್ಲಿ ನಾ ಚುಚ್ಚಿಸ್ಕೋತೀನಿ. ತೋಳು ಯಾರದಾದ್ರೇನು?”

ಹೊನ್ನೂರಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಹೋಗಿ ಆತನ ಮುಂದೆ ಕೂತಳು. ಚಂದ್ರಣ್ಣನ ಒಂದು ಕಣ್ಣು ಪುಸ್ತಕದ ಮೇಲೆ, ಇನ್ನೊಂದು ವಾಪಸ್ ಹೋಗುವ ಬಸ್ಸಿನ ಹೊತ್ತಿನ ಮೇಲೆ. ಮುಖ ನೋಡಲು ಮೂರನೆಯ ಕಣ್ಣು ಸರಕಾರ ಕೊಟ್ಟಿರಲಿಲ್ಲ. ಜಡೆಮ್ಮನ ಹೆಸರಿನ ಮುಂದೆ ಗುರುತು ಬಿತ್ತು. ಸ್ವಲ್ಪ ಹೊತ್ತಿಗೆ ಹೊನ್ನೂರಮ್ಮನ ಹೆಸರನ್ನೇ ಕೂಗಿದಾಗ, ಈಗಷ್ಟೇ ಚುಚ್ಚಿಸಿಕೊಂಡಿದ್ದ ಆಕೆ ತನ್ನ ಮನೆಯ ಬಾಗಿಲ ಮರೆಯಿಂದ ದನಿ ಬದಲಿಸಿ, “ಆಕಿ ತವರಿಗೆ ಹೋಗ್ಯಾಳ್ರಿ, ಕುರುಗೋಡಿಗೆ” ಅಂದಳು. ಚಂದ್ರಣ್ಣ ‘ಊರಲ್ಲಿಲ್ಲ’ ಎಂದು ಬರೆದುಕೊಂಡ.

ಜಡೆಮ್ಮ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಮಾಡಿ ಕಳಿಸಿದಳು. ಸುದ್ದಿ ಹಬ್ಬಿತು. ಮುಂದಿನ ವರ್ಷ ಸುಂಕಮ್ಮ, ಅದರ ಮರುವರ್ಷ ಸಾವಂತ್ರಮ್ಮ ಬಂದು ಗೋಗರೆದರು. ಹೊನ್ನೂರಮ್ಮ ಯಾರಿಗೂ ಇಲ್ಲ ಅನ್ನಲಿಲ್ಲ; ತನ್ನ ಹೆಸರು ಕೂಗಿದಾಗೆಲ್ಲ ತವರಿಗೆ ಹೋಗಿರುತ್ತಿದ್ದಳು. ಗಂಡ ಎರ್ರಣ್ಣನಿಗೆ ರೇಗಿತು. “ಊರ ಮಂದೀದೆಲ್ಲ ಗುತ್ತಿಗಿ ಹಿಡದೀ ಏನ್ಲೇ?”

“ನಿನಗೂ ಅಂಜಿಕಿ ಇದ್ರ ಹೇಳು. ನನಗ ಮೀಸಿ ಒಂದು ಇಲ್ಲ, ಅದಕ್ಕ ನಿನ್ನ ಬಿಟ್ಟೀನಿ.”

ಹೀಗಿರುವಾಗ ಹತ್ತಿರದ ಒಂದು ಊರಲ್ಲಿ ಸಿಡುಬು ಕಾಣಿಸಿತು. ಬಳ್ಳಾರಿಯಿಂದ ಡಾಕ್ಟರೊಬ್ಬರು, ಜತೆಗೊಬ್ಬ ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದು ಶಾಲೆಯ ಕಟ್ಟೆಯ ಮೇಲೆ ಕೂತರು. ಹೆಸರು ಕೂಗಿ, ತೋಳಿನ ಮೇಲಿನ ಕಲೆ ನೋಡುವುದು ಅವರ ಕೆಲಸ. ಜಡೆಮ್ಮನ ತೋಳು ತೊಳೆದಿಟ್ಟ ತಟ್ಟೆಯಂತಿತ್ತು.

“ಹಾಕಿದ್ದೀವಿ ಅಂತ ಬರೆದಿದೆಯಲ್ಲರೀ, ಕಲೆ ಎಲ್ಲಿ?” ಡಾಕ್ಟರು ಚಂದ್ರಣ್ಣನನ್ನು ಕೇಳಿದರು.

“ಕೆಲವರ ಚರ್ಮ ಹಂಗ ಇರ್ತೈತ್ರಿ ಸಾರ್. ಕಲಿ ನಿಲ್ಲಂಗಿಲ್ಲ.”

ಹೊನ್ನೂರಮ್ಮನಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷದ ತನ್ನ ಧೈರ್ಯವನ್ನು ದೊಡ್ಡ ಸಾಹೇಬರ ಮುಂದೆ ಹೇಳಿಕೊಳ್ಳುವ ಯೋಗ ಬಂದಿತ್ತು. ಮುಂದೆ ಬಂದು ಕುಬಸದ ತೋಳು ಸರಿಸಿದಳು.

“ಆಕೀದು ಇಲ್ಲೈತ್ರಿ! ಇದು ಜಡೆಮ್ಮಂದು. ಇದು ಸುಂಕಮ್ಮಂದು. ಈ ಕೆಳಗಿಂದು ಸಾವಂತ್ರಮ್ಮಂದು.”

ಮಂದಿ ನಕ್ಕರು. ಡಾಕ್ಟರು ನಗಲಿಲ್ಲ.

“ತಾಯಿ, ಆ ಊರಲ್ಲಿ ಸಿಡುಬು ಬಂದು ಮಲಗಿರೋಳು ಈ ಜಡೆಮ್ಮನಷ್ಟೇ ವಯಸ್ಸಿನ ಬಾಣಂತಿ. ಉಳೀತಾಳೋ ಇಲ್ಲವೋ ಗೊತ್ತಿಲ್ಲ. ನಿನ್ನ ತೋಳಿಗೆ ಹಾಕಿದ್ದು ನಿನ್ನನ್ನ ಕಾಯುತ್ತೆ. ಜಡೆಮ್ಮನ್ನ ಯಾರು ಕಾಯ್ಬೇಕು?”

ಹೊನ್ನೂರಮ್ಮ ಕುಬಸದ ತೋಳನ್ನು ಕೆಳಗೆ ಎಳೆದುಕೊಂಡಳು. ತಾನು ಮಾಡಿದ್ದು ಉಪಕಾರ ಅಂದುಕೊಂಡಿದ್ದಳು. ಮೂವರನ್ನು ಬರಿಮೈಯಲ್ಲಿ ಬೆಂಕಿಯ ಪಕ್ಕ ಕೂಡಿಸಿದ್ದಳು. ಜಡೆಮ್ಮನ ರಟ್ಟೆ ಹಿಡಿದು ಎಳೆದು ತಂದು, ಆಕೆಯ ಬೆನ್ನಿಗೆ ಆನಿಕೊಂಡು ಕೂತು, “ಹಾಕ್ರಿ” ಅಂದಳು. ಸುಂಕಮ್ಮ ಕಣಜದ ಹಿಂದೆ ಅಡಗಿದ್ದಳು. ಅಲ್ಲಿಂದ ಆಕೆಯನ್ನೂ, ಸಾವಂತ್ರಮ್ಮನನ್ನೂ ಎಬ್ಬಿಸಿಕೊಂಡು ಬಂದಳು.

ಎಲ್ಲ ಮುಗಿಯಿತು ಅನ್ನುವಾಗ ಇನ್ಸ್‌ಪೆಕ್ಟರು ಪುಸ್ತಕದ ಮೇಲೆ ಬೆರಳಿಟ್ಟ. “ಹೊನ್ನೂರಮ್ಮ, ಗಂಡ ಎರ್ರಣ್ಣ. ಯಾವ ವರ್ಷನೂ ಊರಾಗಿಲ್ಲ. ಈಕಿಗೆ ಒಮ್ಮಿನೂ ಹಾಕಿಲ್ರಿ ಸಾರ್.”

“ಎದುರಿಗೇ ಅದೀನಲ್ರೀ! ತೋಳು ಕಾಣವಲ್ದೇನು?”

“ತೋಳನ್ನ ಫೈಲಿಗೆ ಹಚ್ಚಾಕ ಬರಂಗಿಲ್ಲವಾ. ಪುಸ್ತಕದಾಗ ನೀನಿಲ್ಲ.”

ಡಾಕ್ಟರು ಬೇಡವೆಂದು ಕೈಯಾಡಿಸಿದರು. ಒಂದು ಸಾಲು ಖಾಲಿ ಬಿಟ್ಟರೆ ಮೇಲಿನಿಂದ ಕಾಗದ ಬರುತ್ತದೆ ಎಂದು ಇನ್ಸ್‌ಪೆಕ್ಟರು ಹೇಳಿದ ಮೇಲೆ ಅವರೂ ಒಪ್ಪಿದರು. ಹಳೆಯ ಕಲೆಗಳ ನಡುವೆ ಜಾಗ ಹುಡುಕಿ, ಹೊನ್ನೂರಮ್ಮನಿಗೆ ಮೊಟ್ಟಮೊದಲ ಬಾರಿಗೆ ದೇವಿ ಹಾಕಲಾಯಿತು.

ಆ ತಿಂಗಳ ವರದಿಯಲ್ಲಿ, ವರ್ಷಗಟ್ಟಲೆ ಊರು ಬಿಟ್ಟಿದ್ದ ಹೆಂಗಸೊಬ್ಬಳನ್ನು ಬಿಡದೆ ಪತ್ತೆಹಚ್ಚಿದ್ದಕ್ಕೆ ಚಂದ್ರಣ್ಣನಿಗೆ ಮೆಚ್ಚುಗೆ ಬಂತು. ಆತ ಅದನ್ನು ಸಂಕೋಚದಿಂದಲೇ ಸ್ವೀಕರಿಸಿದನಂತೆ.

ಆ ಬಾಣಂತಿ ಉಳಿಯಲಿಲ್ಲ. ಜಡೆಮ್ಮನೂ ಆಕೆಯ ಮಗುವೂ ಉಳಿದರು. ಹೊನ್ನೂರಮ್ಮ ಆಮೇಲೆ ತನ್ನ ಧೈರ್ಯದ ಮಾತನ್ನು ಬಹಳ ಕಡಿಮೆ ಮಾಡಿದಳು. ಪೂರ್ತಿ ಬಿಡುವುದು ಆಕೆಯಿಂದ ಆಗಲಿಲ್ಲ. ಎಂಬತ್ತರ ದಶಕದಲ್ಲಿ ಮೊಮ್ಮಗಳಿಗೆ ಪೋಲಿಯೋ ಹನಿ ಹಾಕಿಸಲು ಹೋದಾಗ ನರ್ಸಮ್ಮನ ಪಕ್ಕ ನಿಂತು, “ಯಾರ ಹೆಸರು ಬರ್ದಿಯವ್ವಾ? ಒಂದೀಟು ಓದು” ಎಂದು ಪಟ್ಟು ಹಿಡಿದಳು. ನರ್ಸಮ್ಮ ಬೇಸರದಿಂದ ಓದಿದಳು. ಮೊಮ್ಮಗಳು ಅಷ್ಟರಲ್ಲಿ ಹನಿ ನುಂಗಿ, ಇನ್ನೂ ಬೇಕೆಂದು ಬಾಯಿ ತೆರೆದು ನಿಂತಿತ್ತು.