ಒಂದೇ ನಂಬರಿನ ಜಾಗ

ಆ ಪ್ಲ್ಯಾನನ್ನು ಅಮ್ಮನಿಗೆ ಹುಡುಕಿಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನು ಓದಿ ನೀವು ಛೀ ಅನ್ನುವ ಮೊದಲು, ನನ್ನ ಹೊಟ್ಟೆಕಿಚ್ಚಿಗೂ ಒಂದಿಷ್ಟು ನ್ಯಾಯವಿತ್ತು ಅನ್ನುವುದು ಗೊತ್ತಿರಲಿ.

ಎರಡು ಸಾವಿರದ ಎಂಟು, ಒಂಬತ್ತರ ಸುಮಾರು. ನಾವು ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಗಂಡ ಕೇಂದ್ರ ಸಚಿವಾಲಯವೊಂದರಲ್ಲಿ ಗುಮಾಸ್ತರು; ನಮಗೊಬ್ಬಳು ಸ್ಕೂಲಿಗೆ ಹೋಗುವ ಮಗಳು. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ನೋಯ್ಡಾದಲ್ಲಿ. ಭಾವನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅಮ್ಮ ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸು. ನಾವು ಸ್ಕೂಲಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ನಮ್ಮಿಬ್ಬರಿಗೂ ಇದ್ದವಳು ಅವಳೊಬ್ಬಳೇ. ಅವಳನ್ನು ಹಂಚಿಕೊಳ್ಳುವುದರಲ್ಲೇ ನಮ್ಮ ಬಾಲ್ಯ ಮುಗಿದಿತ್ತು.

ಹಂಚುವುದರಲ್ಲಿ ಅಮ್ಮ ತಕ್ಕಡಿಯ ಹಾಗಿದ್ದಳು. ಒಂದೇ ಥಾನಿನ ಬಟ್ಟೆಯಲ್ಲಿ ಇಬ್ಬರಿಗೂ ಲಂಗ. ಮೈಸೂರು ಪಾಕಿನ ತುಂಡು ಬೆಸವಾಗಿದ್ದರೆ ಕೊನೆಯದನ್ನು ತಾನೇ ತಿನ್ನುತ್ತಿದ್ದಳೇ ಹೊರತು ಒಬ್ಬರಿಗೆ ಹೆಚ್ಚು ಕೊಟ್ಟವಳಲ್ಲ. ಮದುವೆಯಾದ ಮೇಲೂ ಗೌರಿ ಹಬ್ಬಕ್ಕೆ ಎರಡು ಬಾಗಿನ. ಎರಡರಲ್ಲೂ ಅಷ್ಟೇ ಬಳೆ, ಅದೇ ಬಣ್ಣದ ರವಿಕೆ ಕಣ. ಆದರೂ ನಾನು ಎರಡು ಮೊರವನ್ನೂ ಬಿಚ್ಚಿ ನೋಡುತ್ತಿದ್ದೆ. ಅಕ್ಕನ ಮೊರದಲ್ಲಿರುವ ಬೆಲ್ಲದ ಅಚ್ಚೇ ದೊಡ್ಡದು ಅಂತ ನನಗೆ ಪ್ರತಿ ವರ್ಷ ಅನ್ನಿಸುತ್ತಿತ್ತು.

ಇನ್ನು ಮೊಬೈಲಿನ ವಿಷಯ. ಬರುವ ಫೋನಿಗೂ ದುಡ್ಡು ಕೊಡುತ್ತಿದ್ದ ಕಾಲ ಹಿಂದಾಗಿ, ಕಂಪನಿಗಳು ಗಿರಾಕಿಗಳಿಗಾಗಿ ಕಚ್ಚಾಡುತ್ತಿದ್ದವು. ಒಬ್ಬ ನಿಮಿಷಕ್ಕೆ ಇಷ್ಟು ಅಂದರೆ ಇನ್ನೊಬ್ಬ ಸೆಕೆಂಡಿಗೆ ಇಷ್ಟು ಅನ್ನುತ್ತಿದ್ದ. ಪೇಪರಿನ ಜಾಹೀರಾತಿನಲ್ಲಿ ಎಲ್ಲರೂ ದೊಡ್ಡ ಅಕ್ಷರ ಓದುತ್ತಿದ್ದರು. ನಾನು ಕೆಳಗಿನ ಇರುವೆ ಸಾಲಿನಂಥ ಅಕ್ಷರ ಓದುತ್ತಿದ್ದೆ. ಕತ್ತರಿಸಿ, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿ, ಯಾವುದು ಯಾರಿಗೆ ಲಾಭ ಅಂತ ಬರೆದಿಡುತ್ತಿದ್ದೆ. ಕಾಲೋನಿಯ ಕನ್ನಡದವರೆಲ್ಲ ಹೊಸ ಸಿಮ್ ತಗೊಳ್ಳುವ ಮೊದಲು ನನ್ನನ್ನೇ ಕೇಳುತ್ತಿದ್ದರು. ಯಾರದೇ ನಂಬರಿನ ಮೊದಲ ನಾಲ್ಕು ಅಂಕಿ ಹೇಳಿದರೆ ಸಾಕು, ಯಾವ ಕಂಪನಿ, ಯಾವ ಊರು, ಎಂಥ ಕಾರ್ಡು ಅಂತ ಹೇಳಿಬಿಡುತ್ತಿದ್ದೆ. ನನ್ನ ಗಂಡ, "ನಿನ್ನನ್ನ ನಮ್ಮ ಮಿನಿಸ್ಟ್ರಿಗೆ ತಗೋಬೇಕಿತ್ತು, ಫೈಲೆಲ್ಲ ಕ್ಲಿಯರ್ ಆಗಿರೋದು" ಅಂತ ಛೇಡಿಸುತ್ತಿದ್ದರು.

ಅಕ್ಕನಿಗೆ ಇಂಥ ತಾಪತ್ರಯವೇ ಇರಲಿಲ್ಲ. ಭಾವನ ಕಂಪನಿ ಅವಳಿಗೂ ಒಂದು ಫೋನು ಕೊಟ್ಟಿತ್ತು; ಬಿಲ್ಲು ಕಂಪನಿಯದು. ಅದರಲ್ಲಿ ಇಂಟರ್ನೆಟ್ಟೂ ಇತ್ತು. ನಾನು ದಿನದ ಪ್ಯಾಕು ಒಳ್ಳೆಯದೋ ತಿಂಗಳ ಪ್ಯಾಕು ಒಳ್ಳೆಯದೋ ಅಂತ ಹೋಲಿಸಿ ಹೋಲಿಸಿ ಕೊನೆಗೆ ಯಾವುದನ್ನೂ ಹಾಕಿಸಿಕೊಳ್ಳದೆ ಕೂತಿದ್ದರೆ, ಅವಳು ರೈಲು ಟಿಕೆಟ್ ಕನ್ಫರ್ಮ್ ಆಯಿತೇ ಅಂತ ಕೂತಲ್ಲೇ ನೋಡಿ, "ಇಷ್ಟೇ ಕಣೇ, ಎರಡು ಸಲ ಒತ್ತಿದರೆ ಆಯ್ತು" ಅನ್ನುತ್ತಿದ್ದಳು. ಆ 'ಇಷ್ಟೇ ಕಣೇ' ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಬೇಸಿಗೆಯ ಮೊದಲಲ್ಲಿ ಅಕ್ಕ ಹೊಸ ನಂಬರು ಕೊಟ್ಟಳು. "ಇನ್ಮೇಲೆ ಇದಕ್ಕೇ ಮಾಡು. ಅದು ನಮ್ಮ ಬಿಲ್ಡಿಂಗಲ್ಲಿ ಸರಿಯಾಗಿ ಸಿಗಲ್ಲ" ಅಂದಳು. ಮೊದಲ ನಾಲ್ಕು ಅಂಕಿ ನೋಡಿದ ಕೂಡಲೇ ನನಗೆ ಗೊತ್ತಾಯಿತು: ಒಂದು ಸಲ ದುಡ್ಡು ಕೊಟ್ಟರೆ ಜೀವಮಾನವಿಡೀ ಬಂದ ಫೋನು ಎತ್ತಬಹುದು ಅನ್ನುವ ಕಾರ್ಡು ಅದು. ನಮ್ಮ ತರಕಾರಿ ಭಯ್ಯಾನಿಗೆ ನಾನೇ ಹೇಳಿ ಕೊಡಿಸಿದ್ದ ಕಾರ್ಡು. ನಾನು ಏನಂದುಕೊಂಡೆ ಗೊತ್ತೇ? ಓಹೋ, ಈಗ ಇವಳಿಗೆ ಎರಡು ಸಿಮ್ಮು. ಕಂಪನಿಯ ಭಾರೀ ಫೋನು ದೊಡ್ಡ ಮನುಷ್ಯರಿಗೆ, ಈ ಅಗ್ಗದ್ದು ನಮ್ಮಂಥವರಿಗೆ. ಗಂಡನ ಮುಂದೆ ಹೇಳಿ ಒಂದು ಗಂಟೆ ಕೂಗಾಡಿದೆ.

ಅದಾಗಿ ಒಂದೆರಡು ತಿಂಗಳಲ್ಲೇ ನನಗೆ ಅಮ್ಮನ ಪ್ಲ್ಯಾನು ಸಿಕ್ಕಿತು. ಕರ್ನಾಟಕದ ಕಾರ್ಡು, ರಾಜ್ಯದ ಹೊರಗಿನ ಒಂದೇ ಒಂದು ನಂಬರನ್ನು ಬರೆಸಿಟ್ಟರೆ, ಅದಕ್ಕೆ ಮಾತ್ರ ಪಕ್ಕದ ಮನೆಗೆ ಮಾಡಿದಷ್ಟೇ ದರ. ಅಲ್ಲಿಯವರೆಗೆ ಅಮ್ಮ ನಮಗೆ ಮಿಸ್ ಕಾಲ್ ಕೊಡುತ್ತಿದ್ದಳು, ನಾವು ತಿರುಗಿ ಮಾಡುತ್ತಿದ್ದೆವು. ಇನ್ನು ಅವಳೇ ಮಾಡಬಹುದು, ಎಷ್ಟು ಹೊತ್ತು ಬೇಕಾದರೂ. ನಾನು ಫೋನಿನಲ್ಲಿ ಅಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಯಾವ ನಂಬರು ಬರೆಸಬೇಕು ಅಂತ ಮಾತ್ರ ಹೇಳಲಿಲ್ಲ. ಅದನ್ನೂ ಹೇಳಬೇಕೇ? ಹುಡುಕಿಕೊಟ್ಟವಳು ನಾನು.

ಒಂದು ವಾರವಾದರೂ ನನಗೆ ಬರುತ್ತಿದ್ದದ್ದು ಮಿಸ್ ಕಾಲೇ. ಅಂಗಡಿಯವನು ಇನ್ನೂ ಮಾಡಿಕೊಟ್ಟಿಲ್ಲ ಅಂದುಕೊಂಡೆ. ಒಂದು ಭಾನುವಾರ ನೋಯ್ಡಾಕ್ಕೆ ಹೋಗಿದ್ದಾಗ ಸರಿಯಾಗಿ ನಾಲ್ಕು ಗಂಟೆಗೆ ಅಕ್ಕನ ಫೋನು ಬಡಿದುಕೊಂಡಿತು. "ಅಮ್ಮ" ಅಂದವಳೇ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಜೂನ್ ತಿಂಗಳ ಸೆಕೆ, ಎ.ಸಿ. ಕೂಡ ಹಾಕಿರಲಿಲ್ಲ, ನನಗೋಸ್ಕರ ಯಾಕೆ ಹಾಕಬೇಕು ಅಂತ ಇರಬೇಕು. ಹನ್ನೆರಡು ನಿಮಿಷವಾದ ಮೇಲೆ ಹೊರಗೆ ಬಂದಳು. ಅಮ್ಮ ಏನಂದಳು ಅಂದರೆ "ಏನಿಲ್ಲ, ಹಾಗೇ" ಅಂದಳು.

ಅವತ್ತೇ ಸಂಜೆ ಅಮ್ಮನನ್ನು ಕೇಳಿದೆ.

"ಅಮ್ಮ, ಯಾರ ನಂಬರ್ ಬರೆಸಿದೆ?"

"ಅಕ್ಕಂದು ಕಣೇ."

"ಯಾಕೆ?"

"ನಿನಗೆ ಮಿಸ್ ಕೊಟ್ಟರೆ ನೀನೇ ಮಾಡ್ತೀಯಲ್ಲ" ಅಂದಳು.

ಅಂದರೆ ಕರೆದ ಕೂಡಲೇ ಓಡಿಬರುವವಳಿಗೆ ಮಿಸ್ ಕಾಲು, ಕಂಪನಿ ಫೋನಿಟ್ಟುಕೊಂಡು ತಾನಾಗಿ ಒಂದು ದಿನವೂ ಮಾಡದವಳಿಗೆ ಹನ್ನೆರಡು ನಿಮಿಷ. ಎರಡು ದಿನ ಅಮ್ಮನ ಮಿಸ್ ಕಾಲಿಗೆ ತಿರುಗಿ ಮಾಡಲೇ ಇಲ್ಲ. ಮೂರನೆಯ ದಿನ ತಡೆಯಲಾರದೆ ಮಾಡಿದೆ. "ಹೊಟ್ಟೆ ಉರಿಗೆ ಒಂದು ಲೋಟ ಮಜ್ಜಿಗೆ ಕುಡಿ" ಅಂದರು ನನ್ನ ಗಂಡ. ಅವರಿಗೇನು, ಅವರು ಒಬ್ಬನೇ ಮಗ.

ಆ ವರ್ಷ ಗೌರಿ ಹಬ್ಬಕ್ಕೆ ನಾನು ಹಾಸನಕ್ಕೆ ಹೋದೆ. ಅಕ್ಕ ಬರಲಿಲ್ಲ, ಭಾವನಿಗೆ ರಜ ಇಲ್ಲವಂತೆ. ಅಮ್ಮ ಎಂದಿನಂತೆ ಎರಡು ಬಾಗಿನ ಕಟ್ಟಿ, "ಒಂದು ಅಕ್ಕನಿಗೆ ತಲುಪಿಸು, ತಡ ಮಾಡಬೇಡ" ಅಂದಳು. ಹಬ್ಬವೆಲ್ಲ ಮುಗಿದ ಮಾರನೆಯ ದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಫೋನು ಅಡುಗೆಮನೆಯ ಕಟ್ಟೆಯ ಮೇಲಿತ್ತು. ನಾನು ಯೋಚಿಸಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ರೈಲಿನಲ್ಲಿ ಎರಡು ದಿನ ಅದನ್ನೇ ಯೋಚಿಸಿದ್ದೆ.

ಕಸ್ಟಮರ್ ಕೇರಿಗೆ ಮಾಡಿದೆ. ಹುಡುಗಿಯೊಬ್ಬಳು ಹೆಸರು, ಹುಟ್ಟಿದ ದಿನ ಕೇಳಿದಳು. ಅಮ್ಮನ ದನಿ ಮಾಡಿಕೊಂಡು ಎರಡನ್ನೂ ಹೇಳಿದೆ. "ಯಾವ ನಂಬರ್ ಹಾಕಬೇಕು ಮೇಡಂ?" ಅಂದಳು. ನನ್ನದು ಹೇಳಿದೆ. ಬದಲಾಯಿತು ಅಂತ ಬಂದ ಮೆಸೇಜನ್ನು ಅಳಿಸಿದೆ. ಅಮ್ಮ ತಲೆ ಒರೆಸಿಕೊಳ್ಳುತ್ತಾ ಬರುವ ಹೊತ್ತಿಗೆ ನಾನು ದೋಸೆ ಮಗುಚುತ್ತಿದ್ದೆ.

ದೆಹಲಿಗೆ ಬಂದ ಮೇಲೆ ಪ್ರತಿದಿನ ನಾಲ್ಕು ಗಂಟೆಗೆ ಫೋನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದೆ. ಬಂದದ್ದು ಮಿಸ್ ಕಾಲೇ. ಬದಲಾಗಿದ್ದು ಅವಳಿಗೆ ಗೊತ್ತಿದ್ದರಲ್ಲವೇ? ಹೇಳಿದರೆ ಸಿಕ್ಕಿಬೀಳುತ್ತೇನೆ, ಹೇಳದಿದ್ದರೆ ಪ್ರಯೋಜನವಿಲ್ಲ. ಅಮ್ಮ ಪಾಪ, ಅಗ್ಗ ಅಂದುಕೊಂಡು ಅಕ್ಕನಿಗೇ ಮಾಡುತ್ತಿದ್ದಳು.

"ಹಾಕಿಸಿದ ಕರೆನ್ಸಿ ಎರಡೇ ದಿನಕ್ಕೆ ಖಾಲಿ ಆಗ್ತಿದೆ ಕಣೇ" ಅಂದಳು ಒಂದು ದಿನ. "ಎರಡು ಸಲ ಹಾಕಿಸಿದೆ. ಇನ್ನು ಸಂಬಳ ಆಗೋವರೆಗೂ ಹಾಕ್ಸಲ್ಲ. ಅಂಗಡಿಯವನೇ ಏನೋ ಮಾಡಿದಾನೆ."

"ಈ ಕಂಪನಿಗಳೇ ಹಾಗೆ, ಹೇಳೋದೊಂದು ಮಾಡೋದೊಂದು" ಅಂದೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ, ಹಾಗೆ.

"ಅಕ್ಕನಿಗೆ ಒಂದ್ಸಲ ಫೋನ್ ಮಾಡಿ ಹೇಳು, ಕರೆನ್ಸಿ ಇಲ್ಲ, ಅದಕ್ಕೇ ಮಾಡ್ತಿಲ್ಲ ಅಂತ. ಮರೀಬೇಡ."

ಹೇಳ್ತೀನಿ ಅಂದೆ. ಹೇಳಲಿಲ್ಲ. ಇಷ್ಟು ದಿನ ನಾನು ಕಾದಿಲ್ಲವೇ, ಅವಳೂ ಒಂದಷ್ಟು ಕಾಯಲಿ. ಅಕ್ಕನ ಬಾಗಿನವೂ ನಮ್ಮ ಬೀರುವಿನ ಮೇಲೆ ಕೂತೇ ಇತ್ತು. ಇವತ್ತು ಬಸ್ಸಿನಲ್ಲಿ ರಷ್ಷು, ನಾಳೆ ಮಗಳಿಗೆ ನೆಗಡಿ ಅಂತ ದಿನ ತಳ್ಳಿದೆ. "ಮುತ್ತೈದೆ ಬಾಗಿನ, ಹಾಗೆ ಇಟ್ಕೋಬಾರದು ಕಣೇ" ಅಂತ ಕೊನೆಗೆ ಗಂಡನೇ ಗದರಿದರು.

ನಂಬರು ಬದಲಾಯಿಸಿದ ಹದಿನಾಲ್ಕನೆಯ ದಿನ, ಒಂದು ಬುಧವಾರ ಬೆಳಿಗ್ಗೆ, ಮೊರ ಎತ್ತಿಕೊಂಡು ನೋಯ್ಡಾ ಬಸ್ಸು ಹತ್ತಿದೆ. ಅಕ್ಕ ಬಾಗಿಲು ತೆಗೆದಳು. ತಲೆ ಬಾಚಿರಲಿಲ್ಲ. ಮೊರ ನೋಡಿದವಳೇ ಬಾಗಿಲಿಗೆ ಒರಗಿಕೊಂಡಳು.

"ನನಗೂ ಕಳಿಸಿದ್ಲಾ?"

"ಮತ್ತೆ? ಯಾವ ವರ್ಷ ಕಳಿಸಿಲ್ಲ?"

"ನಾನು ಹಬ್ಬಕ್ಕೆ ಬರಲಿಲ್ಲ ಅಂತ ಅಮ್ಮಂಗೆ ಕೋಪ ಅಂದ್ಕೊಂಡಿದ್ದೆ. ಹತ್ತು ದಿನದಿಂದ ಫೋನೇ ಇಲ್ಲ. ದಿನಾ ಮಿಸ್ ಕೊಡ್ತೀನಿ, ತಿರುಗಿ ಮಾಡ್ತಿಲ್ಲ. ಬಾಗಿನಾನೂ ಬರಲಿಲ್ಲ. ನಿನಗೊಬ್ಬಳಿಗೇ ಕೊಟ್ಟಳು ಅಂತ..."

ಆಗಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ನೀನೇ ಮಾಡಬಹುದಿತ್ತಲ್ಲ, ಕಂಪನಿ ಫೋನಿದೆ" ಅಂದೆ.

"ಯಾವ ಕಂಪನಿ? ಮಾರ್ಚಲ್ಲೇ ಇವರನ್ನ ತೆಗೆದ್ರು. ಫೋನೆಲ್ಲ ವಾಪಸ್ ತಗೊಂಡ್ರು. ಈ ಕಾರ್ಡಲ್ಲಿ ಬಂದ ಫೋನ್ ಎತ್ತೋದು, ಮಿಸ್ ಕೊಡೋದು ಅಷ್ಟೇ ಕಣೇ."

ಒಳಗೆ ನೋಡಿದೆ. ಬುಧವಾರ ಹನ್ನೊಂದು ಗಂಟೆಗೆ ಭಾವ ಲುಂಗಿಯಲ್ಲಿ ಕೂತು ಪೇಪರಿನ ಕೆಲಸದ ಕಾಲಂಗೆ ಪೆನ್ನಿನಲ್ಲಿ ಗೆರೆ ಹಾಕುತ್ತಿದ್ದರು. ನನ್ನನ್ನು ಕಂಡು ಎದ್ದು ಒಳಗೆ ಹೋದರು. ಊರಿನವರ ನಂಬರೆಲ್ಲ ನೋಡಿ ಜಾತಕ ಹೇಳುತ್ತಿದ್ದ ನಾನು ಸ್ವಂತ ಅಕ್ಕನ ನಾಲ್ಕು ಅಂಕಿ ನೋಡಿಯೂ ಕುರುಡಿಯಾಗಿದ್ದೆ.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದರೆ ನೀನು ಒಳಗೊಳಗೇ ಖುಷಿ ಪಡ್ತೀಯ ಅಂತ" ಅಂದಳು ಅಕ್ಕ. ಜಗಳದ ದನಿಯಲ್ಲ, ಹಾಲು ಉಕ್ಕುತ್ತದೆ ಅನ್ನುವಷ್ಟು ಸಹಜವಾಗಿ. "ಅದಕ್ಕೇ ಅಮ್ಮನ ಹತ್ರ ಆಣೆ ಇಡಿಸ್ಕೊಂಡಿದ್ದೆ, ನಿನಗೆ ಹೇಳಬಾರದು ಅಂತ."

ಹಾಗೆಲ್ಲ ಇಲ್ಲ ಅನ್ನುವಂತಿರಲಿಲ್ಲ. ಯಾಕೆಂದರೆ 'ಫೋನೆಲ್ಲ ವಾಪಸ್ ತಗೊಂಡ್ರು' ಅಂದಾಗ ಒಂದು ಕ್ಷಣ, ಒಂದೇ ಒಂದು ಕ್ಷಣ, ನನಗೆ ಖುಷಿಯಾಗಿತ್ತು.

ಮೊರವನ್ನು ಸೋಫಾದ ಮೇಲಿಟ್ಟೆ. ಮಾಡಿದ್ದನ್ನು ಇಲ್ಲಿಂದ ಸದ್ದಿಲ್ಲದೆ ಸರಿಪಡಿಸುವ ದಾರಿಯೇ ಇರಲಿಲ್ಲ. ಬದಲಾಯಿಸಬೇಕಾದರೆ ಅಮ್ಮನ ಫೋನಿನಿಂದಲೇ ಆಗಬೇಕು. ಆ ನಿಯಮ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅಕ್ಕನ ಎದುರಿಗೇ ಹಾಸನಕ್ಕೆ ಮಾಡಿದೆ.

"ಅಮ್ಮ, ಅಂಗಡಿಯವನದೇನೂ ತಪ್ಪಿಲ್ಲ. ಹಬ್ಬದ ಮಾರನೇ ದಿನ ನೀನು ಸ್ನಾನಕ್ಕೆ ಹೋಗಿದ್ದಾಗ ನಾನೇ ನಂಬರ್ ಬದಲಾಯಿಸಿದೆ. ಅಕ್ಕಂದು ತೆಗೆಸಿ ನಂದು ಹಾಕಿಸಿದೆ."

ಆ ಕಡೆ ಆಸ್ಪತ್ರೆಯ ಟ್ರಾಲಿಯೊಂದು ಗಡಗಡ ಅನ್ನುತ್ತಾ ಹೋದದ್ದು ಕೇಳಿಸಿತು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮತ್ತೆ ಅವಳದು ಹಾಕ್ಸೋಕೆ ಏನು ಮಾಡಬೇಕು? ಹೇಳು, ಬರ್ಕೋತೀನಿ."

ಕಸ್ಟಮರ್ ಕೇರಿನ ನಂಬರು, ಯಾವ ಗುಂಡಿ ಒತ್ತಬೇಕು, ಏನು ಕೇಳುತ್ತಾರೆ, ಎಲ್ಲ ಹೇಳಿದೆ. ಕೊನೆಗೆ ಅಕ್ಕನ ಹತ್ತು ಅಂಕಿಯನ್ನು ಒಂದೊಂದಾಗಿ ಹೇಳಿದೆ. ಅಕ್ಕ ಎದುರಿಗೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಅವಳು ಅಲ್ಲೇ ಇದ್ದಾಳಾ? ಫೋನ್ ಕೊಡು" ಅಂದಳು ಅಮ್ಮ.

ಕೊಟ್ಟೆ. ಅಕ್ಕ ನನ್ನ ಫೋನು ತಗೊಂಡು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಾಗಿನದ ಪಕ್ಕ ಕೂತೆ. ಗಾಜಿನಾಚೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು, ಆಮೇಲೆ ತಲೆಯಾಡಿಸುವುದು, ಆಮೇಲೆ ಏನಕ್ಕೋ ಸ್ವಲ್ಪ ನಗುವುದು ಕಾಣಿಸುತ್ತಿತ್ತು.

ಅವತ್ತು ನಾನು ಗಡಿಯಾರ ನೋಡಲಿಲ್ಲ ಅಂತ ಬರೆಯಲು ನನಗೆ ಬಹಳ ಆಸೆ. ನೋಡಿದೆ. ಹದಿನೇಳು ನಿಮಿಷ. ನನ್ನ ಜೊತೆ ಅಮ್ಮ ಯಾವತ್ತೂ ಅಷ್ಟು ಹೊತ್ತು ಮಾತಾಡಿರಲಿಲ್ಲ.